ನೀರಿಲ್ಲದ ಹಂಡೆಗೆ ಬೆಂಕಿ ಹಾಕಿದೆ! | ಸಾಗರದ ಕಡೆ ಚಳಿಗಾಲದ ಮನೆಕೆಲಸ

ನಮಸ್ಕಾರ. ಇದು ಹೋದ ಮಂಗಳವಾರ, ಬೆಳಗ್ಗೆ ಐದು ಮುಕ್ಕಾಲು. ಏನೂ ಕಾಣುತ್ತಿಲ್ಲ ಅಂತ ಗೊತ್ತು. ಆ ಹಳದಿ ಚುಕ್ಕೆ ನಮ್ಮ ಕೊಟ್ಟಿಗೆಯ ಬಲ್ಬು, ಉಳಿದದ್ದೆಲ್ಲ ಇಬ್ಬನಿ. ಮೊಬೈಲು 13 ಡಿಗ್ರಿ ಅಂತ ತೋರಿಸುತ್ತಿತ್ತು. ಹೊರದೇಶದಲ್ಲಿರುವವರು ನಗಬೇಡಿ, ನಿಮಗೆ ಹೀಟರ್ ಇದೆ, ಭದ್ರವಾಗಿ ಮುಚ್ಚುವ ಕಿಟಕಿ ಇದೆ. ನಮ್ಮದು ಹಂಚಿನ ಮನೆ, ಮಳೆ ನೋಡಿಕೊಂಡು ಕಟ್ಟಿದ್ದು. ಗೋಡೆಗೂ ಮಾಡಿಗೂ ನಡುವೆ ಒಂದು ಗೇಣು ಸಂದಿ, ಚಳಿ ಅಲ್ಲಿಂದ ಬಂದು ನೆಂಟರ ಹಾಗೆ ಕೂತುಬಿಡುತ್ತದೆ. ಇಡೀ ಮನೆ ಬೆಚ್ಚಗೆ ಮಾಡುವ ಪದ್ಧತಿ ಈ ಕಡೆ ಇಲ್ಲವೇ ಇಲ್ಲ. ಚಳಿ ಕಾಯಿಸಬೇಕು ಅಂದರೆ ಬಚ್ಚಲ ಒಲೆ ಮುಂದೆ ಹೋಗಿ ಕೂರಬೇಕು.

ಬಚ್ಚಲು ಅಂದ ತಕ್ಷಣ ಮೂಗು ಮುರಿಯಬೇಡಿ. ಚಳಿಗಾಲದಲ್ಲಿ ನಮ್ಮ ಮನೆಯ ಅತ್ಯಂತ ಒಳ್ಳೆ ಜಾಗ ಇದೇ. ಬೆಳಗಿನ ಕಾಫಿ, ಪೇಪರು, ಜಗಳ ಎಲ್ಲ ಇಲ್ಲೇ ನಡೆಯುತ್ತದೆ.

ಇದು ಹಂಡೆ. ಅಜ್ಜನ ಕಾಲದ್ದು, ತಾಮ್ರದ್ದು, ಹೊಟ್ಟೆ ಮಸಿ ಹಿಡಿದು ಕಪ್ಪಗಾಗಿರುವುದರಿಂದ ತಾಮ್ರ ಅಂತ ನಾನು ಹೇಳಿದ್ದನ್ನು ನಂಬಬೇಕು ಅಷ್ಟೆ. ಕಂಠದಲ್ಲಿ ಒಣಗಿ ನೇತಾಡುತ್ತಿರುವುದು ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ದಿನ ಸುತ್ತಿದ ಹಿಂಡಲಕಾಯಿ ಬಳ್ಳಿ. ಅಮ್ಮ ನಾನು ತೆಗೆಯುತ್ತೇನೆ ಅಂದುಕೊಂಡಿದ್ದಾಳೆ, ನಾನು ಅಮ್ಮ ತೆಗೆಯುತ್ತಾಳೆ ಅಂದುಕೊಂಡಿದ್ದೇನೆ, ಅದು ಅಲ್ಲೇ ಇದೆ.

ಸರಿ, ಈಗ ನೋಡಿ. ನನಗೆ ಬೇಕಿದ್ದದ್ದು ಕತ್ತಲೆಯಲ್ಲಿ ಬೆಂಕಿ ಹೊತ್ತಿಕೊಳ್ಳುವ ಒಂದು ಶಾಟ್. ಟ್ರೈಪಾಡ್ ಇಟ್ಟೆ, ಒಣ ಸೋಗೆ ತುರುಕಿದೆ, ಕಡ್ಡಿ ಗೀರಿದೆ. ಮೊದಲ ಸಲ ಫೋಕಸ್ ಹೋಯಿತು. ಎರಡನೇ ಸಲ ಬರೀ ಹೊಗೆ. ಮೂರನೇ ಸಲ ಅಡಿಕೆ ಸಿಪ್ಪೆಯ ಮೇಲೆ ನಾಲ್ಕು ತೆಂಗಿನ ಮಟ್ಟೆ ಇಟ್ಟು ಜೋರು ಮಾಡಿದೆ. ಆಹಾ, ಏನು ಉರಿ, ನೋಡಿ. ಈ ಚಾನೆಲ್‌ನಲ್ಲಿ ಇಷ್ಟು ಚೆಂದದ ಶಾಟ್ ಇದುವರೆಗೆ ಬಂದಿಲ್ಲ.

ಹಂಡೆಯಲ್ಲಿ ನೀರಿರಲಿಲ್ಲ.

ಹಿಂದಿನ ರಾತ್ರಿ ಕೊನೆಗೆ ಸ್ನಾನ ಮಾಡಿ ಖಾಲಿ ಮಾಡಿದವನು ನಾನೇ, ಹಾಗಾಗಿ ಬೈಯುವುದಕ್ಕೂ ಬೇರೆ ಯಾರಿಲ್ಲ. ಈ ಹಂಡೆಯ ತಳದಲ್ಲಿ ಒಂದು ಹಳೇ ತೇಪೆ ಇದೆ, ಇತ್ತು ಅನ್ನಬೇಕು. ತವರದ ಬೆಸುಗೆ. ತವರ 232 ಡಿಗ್ರಿಗೆ ಕರಗುತ್ತದೆ, ಸೀಸ ಬೆರೆಸಿದ್ದರೆ ಅದಕ್ಕೂ ಮೊದಲೇ. ಒಳಗೆ ನೀರಿದ್ದರೆ ಕೆಳಗೆ ಎಷ್ಟೇ ಉರಿ ಹಾಕಿ, ತಾಮ್ರ ನೂರರ ಆಸುಪಾಸು ಬಿಟ್ಟು ಮೇಲೆ ಹೋಗುವುದಿಲ್ಲ, ಶಾಖವನ್ನೆಲ್ಲ ನೀರು ಎಳೆದುಕೊಳ್ಳುತ್ತದೆ. ಅದಕ್ಕೇ ಆ ತೇಪೆ ಇಷ್ಟು ವರ್ಷ ಬಾಳಿತು. ಈಗ ಕೇಳಿಸಿಕೊಳ್ಳಿ... ಟಪ್. ಕೇಳಿಸಿತಾ? ನಾನು ಮಟ್ಟೆ ಸಿಡಿಯಿತು ಅಂದುಕೊಂಡೆ. ಒಂದು ನಿಮಿಷ ಬಿಟ್ಟು ಹೊಳೆಯಿತು, ಗಾಬರಿಯಲ್ಲಿ ಎರಡು ಕೊಡ ನೀರು ತಂದು ಸುರಿದೆ. ಸುರಿದದ್ದೆಲ್ಲ ತೂತಿನಿಂದ ಸೀದಾ ಬೆಂಕಿಗೆ. ಬುಸ್ ಅಂತ ಹಬೆ, ಬೂದಿ, ಕ್ಯಾಮೆರಾದ ಮೇಲೂ ಬೂದಿ. ಬಾಗಿಲಲ್ಲಿ ಕಾಣುವ ಆ ನೆರಳು ಅಮ್ಮ. "ಯಾರಿಗೆ ತೋರಿಸೋಕೆ ಹಾಕಿದ್ದು ಈ ಬೆಂಕಿ?" ಅಂತ ಕೇಳಿದಳು. ನಿಮಗೆ ಅಂತ ಹೇಳುವ ಧೈರ್ಯ ನನಗಿರಲಿಲ್ಲ.

ಇದು ಮಹಡಿಯ ಬಾತ್‌ರೂಮು, ಇದು ಗೀಸರ್. ಎರಡು ವರ್ಷದಿಂದ ನಾನು ಮನೆಯಲ್ಲಿ ಹೇಳುತ್ತಲೇ ಇದ್ದೆ, ಆ ಹೊಗೆ ಒಲೆ ಬಿಡಿ, ಗೀಸರ್ ಹಾಕಿ ಅಂತ. ಈಗ ಒಳ್ಳೆ ಅವಕಾಶ ಬಂತು ಅಂದುಕೊಂಡೆ. ಮನೆಯಲ್ಲಿ ಐದು ಜನ. ಎರಡು ಕಿಲೋವಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಓಡಿದರೂ ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತ ಅಂತ ಎಲ್ಲರ ಬಾಯಲ್ಲೂ ಇದೆ, ಆದರೆ 2022-23ರಲ್ಲಿ ನಾವು ಸರಾಸರಿ ಎಷ್ಟು ಉರಿಸಿದ್ದೆವೋ ಅದರ ಮೇಲೆ ಹತ್ತು ಪರ್ಸೆಂಟ್, ನಮ್ಮ ಪಾಲು ಅಷ್ಟೇ. ನಮ್ಮ ಸರಾಸರಿ 68. ಅಂದರೆ ಸುಮಾರು 75ರವರೆಗೆ ಬಿಲ್ ಇಲ್ಲ, ಅದರ ಮೇಲಿನದು ನಮ್ಮ ತಲೆ ಮೇಲೆ. ಅಪ್ಪಯ್ಯ ಆ ವರ್ಷ ಒಂದೊಂದು ಲೈಟೂ ಆರಿಸಿ ಆರಿಸಿ ಉಳಿಸಿದ್ದರು, ಆ ಉಳಿತಾಯಕ್ಕೆ ಸಿಕ್ಕ ಬಹುಮಾನ ಇದು.

ಹೋಗಲಿ, ದುಡ್ಡು ಕೊಡೋಣ ಅಂದರೆ ವೋಲ್ಟೇಜು ಬರಬೇಕಲ್ಲ. ಬೆಳಗ್ಗೆ ತೋಟದ ಪಂಪುಗಳೆಲ್ಲ ಶುರುವಾದ ಮೇಲೆ ನಮ್ಮ ಲೈನಿನಲ್ಲಿ 170. ವೋಲ್ಟೇಜು 230ರಿಂದ 170ಕ್ಕೆ ಇಳಿದರೆ ಶಾಖವೂ ಅಷ್ಟೇ ಇಳಿಯುತ್ತದೆ ಅಂದುಕೊಳ್ಳಬೇಡಿ, ಅದು ಅರ್ಧದ ಹತ್ತಿರಕ್ಕೆ ಬೀಳುತ್ತದೆ. ಅಪ್ಪಯ್ಯ ಬಕೆಟ್ ಇಟ್ಟುಕೊಂಡು ಕಾದರು, ಬೆರಳು ಅದ್ದಿದರು, ನನ್ನ ಮುಖ ನೋಡಿದರು, ಟವೆಲ್ ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆ ಬಚ್ಚಲಿಗೆ ನಡೆದರು. ಹೋಗುತ್ತಿದ್ದಾರೆ ನೋಡಿ, ಅಡಿಕೆ ಚಪ್ಪರದ ಕೆಳಗೆ.

ಇನ್ನು ಹಂಡೆ. ಹಂಡೆ ತೆಗೆಯಬೇಕು ಅಂದರೆ ಒಲೆ ಒಡೆಯಬೇಕು, ಕಂಠದವರೆಗೆ ಮಣ್ಣಿನಲ್ಲಿ ಕೂರಿಸಿದ್ದಾರೆ. ಒಡೆದೆ. ಅದನ್ನು ಫಾಸ್ಟ್ ಫಾರ್ವರ್ಡ್‌ನಲ್ಲಿ ನೋಡಿ, ನನಗೂ ನಾಚಿಕೆ.

ಈಗ ಪೇಟೆ, ಹಳೆ ಹಂಡೆ ಕೊಟ್ಟು ಹೊಸದು ತರೋಣ ಅಂತ ಪಾತ್ರೆ ಅಂಗಡಿಗೆ. ಅಂಗಡಿಯೊಳಗೆ ಕ್ಯಾಮೆರಾ ಬೇಡ ಅಂದರು, ಅದಕ್ಕೇ ನಿಮಗೆ ಬರೀ ಬೈಕಿನ ಸೀಟು ಕಾಣುತ್ತಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹೊಟ್ಟೆ ಇನ್ನೂ ಉರಿಯುತ್ತಿದೆ. ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿಯಲ್ಲಿ ಹಂಡೆ ತೂಗಿಕೊಂಡೇ ಹೋಗಿದ್ದೆ, 8 ಕೆಜಿ 400 ಗ್ರಾಂ. ಅಂಗಡಿಯಲ್ಲಿ 8 ಕೆಜಿ 300. ನೂರು ಗ್ರಾಂ ಬಿಡಿ, ದಾರಿಯಲ್ಲಿ ಬೂದಿ ಉದುರಿರಬಹುದು. ಅವರು ಹಂಡೆ ಮೇಲೆ ಬೆರಳು ಒರೆಸಿದರು, ಬೆರಳು ನನಗೆ ತೋರಿಸಿದರು, "ಮಸಿ, ಕಿಲುಬು, 800 ಗ್ರಾಂ ಕಳೀತೀನಿ ಸಾರ್" ಅಂದರು. 800 ಗ್ರಾಂ ಮಸಿ! ಒಂದು ಕಾಡು ಸುಟ್ಟರೆ ಬರುವಷ್ಟು. ಉಳಿದ ಏಳೂವರೆ ಕೆಜಿಗೆ 650 ರೂಪಾಯಿಯಂತೆ 4,875. ಹೊಸ ಹಂಡೆ 9 ಕೆಜಿ 200, ಮಜೂರಿ ಸೇರಿ ಕೆಜಿಗೆ 1,150, ಒಟ್ಟು 10,580. ಹಳೆಯದು ಕೊಟ್ಟು ಮೇಲೆ 5,705 ಕೊಡಿ ಅಂದರು. ಹೋಗಲಿ, ತಾಮ್ರದ ರೇಟೇ ಏರಿದೆ, ಅವರನ್ನು ಬೈದು ಏನು ಪ್ರಯೋಜನ, ಒಪ್ಪಿಕೊಳ್ಳೋಣ ಅಂದುಕೊಂಡೆ. ಆದರೆ ಹೊಸದರ ಅಂಚು ಮುಟ್ಟಿ ನೋಡಿದೆ, ತೆಳ್ಳಗೆ. ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ವಾಪಸ್ ಬರುತ್ತದೆ. ತೂಕ ಜಾಸ್ತಿ, ತಗಡು ತೆಳು, ಅದು ಹೇಗೆ ಸಾಧ್ಯ ಅಂತ ಕೇಳಿದೆ. ಸೈಜ್ ದೊಡ್ಡದು ಸಾರ್ ಅಂದರು. ಅದೂ ನಿಜವೇ. ನನಗೆ ಮಾತು ಹೊರಡಲಿಲ್ಲ, ಹಂಡೆ ಕಟ್ಟಿಕೊಂಡು ವಾಪಸ್ ಬಂದೆ. ಸ್ಟೀಲ್ ಹಂಡೆ ಅಗ್ಗ, ಅದನ್ನು ತಗೊಳ್ಳಿ ಅಂತ ಪಕ್ಕದಲ್ಲಿ ನಿಂತವರು ಸಲಹೆ ಕೊಟ್ಟರು. ಸ್ಟೇನ್‌ಲೆಸ್ ಸ್ಟೀಲಿಗಿಂತ ತಾಮ್ರದಲ್ಲಿ ಶಾಖ ಇಪ್ಪತ್ತು ಪಟ್ಟಿಗಿಂತ ಜಾಸ್ತಿ ಸಲೀಸಾಗಿ ಹರಿಯುತ್ತದೆ ಅಂತ ಅವರಿಗೆ ಪಾಠ ಮಾಡಿದೆ. ಹಂಡೆಯಂಥ ತೆಳು ತಗಡಿನಲ್ಲಿ ಆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ ಅಂತ ದಾರಿಯಲ್ಲಿ ಹೊಳೆಯಿತು. ಇರಲಿ. ನನಗೆ ತಾಮ್ರವೇ ಬೇಕಿತ್ತು.

ಮನೆಗೆ ಬಂದು ಮಾಡಿದ ಕೆಲಸ ಇದು. ಹುಣಸೆಹಣ್ಣು, ಉಪ್ಪು, ಬೂದಿ, ತೆಂಗಿನ ನಾರು. ಎರಡು ಗಂಟೆ ತಿಕ್ಕಿದೆ, ಬರೀ ಹಟಕ್ಕೆ. ನೋಡಿ, ಇಲ್ಲಿ ಮೊದಲು ಒಂದು ಕಾಸಿನಗಲ ಕೆಂಪು ಕಂಡಿತು, ಆಮೇಲೆ ಅಂಗೈಯಗಲ. ಸುತ್ತಿಗೆ ಏಟುಗಳು ಒಂದರ ಪಕ್ಕ ಒಂದು, ಮೀನಿನ ಹುರುಪೆ ಹಾಗೆ. ಇಷ್ಟು ವರ್ಷ ಇದರ ನೀರಲ್ಲೇ ಮಿಂದಿದ್ದೇನೆ, ಹೊಟ್ಟೆ ಹೀಗಿದೆ ಅಂತ ಗೊತ್ತೇ ಇರಲಿಲ್ಲ. ಮತ್ತೆ ತೂಗಿದೆ. 8 ಕೆಜಿ 250. ಮಸಿ ಹೋಗಿದ್ದು 150 ಗ್ರಾಂ! 800ಕ್ಕೂ 150ಕ್ಕೂ ನಡುವೆ 650 ಗ್ರಾಂ, ನಾನೂರು ರೂಪಾಯಿ ಚಿಲ್ಲರೆ. ವಾಪಸ್ ಹೋಗಿ ಹೇಳುತ್ತೇನೆ ಅಂತ ಬೈಕ್ ಕೀ ಹುಡುಕಿದೆ. ಅಮ್ಮ ಕೀ ಬಚ್ಚಿಟ್ಟು ಗುದ್ದಲಿ ಕೊಟ್ಟಳು, ಡೇರೆ ಗೆಡ್ಡೆ ಕೀಳು ಹೋಗು ಅಂತ.

ಹಾಗಾಗಿ ಈ ಹಿತ್ತಿಲಿನ ಶಾಟ್. ಡೇರೆ ಹೂವು, ಅಂದರೆ ಡೇಲಿಯಾ, ನಮ್ಮ ಕಡೆ ಮಳೆಗಾಲದ ಹುಚ್ಚು. ಆಗಸ್ಟು, ಸೆಪ್ಟೆಂಬರಲ್ಲಿ ಅಂಗಳ ತುಂಬ ತಟ್ಟೆಯಗಲದ ಹೂವು, ಯಾರ ಮನೆಯಲ್ಲಿ ಯಾವ ಬಣ್ಣ ಅಂತ ಹೆಂಗಸರಿಗೆಲ್ಲ ಬಾಯಿಪಾಠ. ಈಗ ಗಿಡ ಒಣಗಿ ಕಡ್ಡಿಯಾಗಿದೆ, ಗೆಡ್ಡೆ ಕಿತ್ತು, ಮಣ್ಣು ಕೊಡವಿ, ನೆರಳಲ್ಲಿ ಆರಿಸಿ, ಒಣ ಮರಳಲ್ಲಿ ಇಡಬೇಕು. ನೆಲದಲ್ಲೇ ಬಿಟ್ಟರೆ ಮುಳ್ಳುಹಂದಿ ಬಿಡುವುದಿಲ್ಲ. ಒಂದೇ ಒಂದು ಎಚ್ಚರ: ಗೆಡ್ಡೆಯ ಕುತ್ತಿಗೆ ಮುರಿಯಬಾರದು. ಮೊಳಕೆಯ ಕಣ್ಣು ಇರುವುದು ಕುತ್ತಿಗೆ ಕಾಂಡಕ್ಕೆ ಸೇರುವ ಕಡೆ, ಗೆಡ್ಡೆ ಎಷ್ಟೇ ದಪ್ಪ ಇದ್ದರೂ ಕಣ್ಣಿಲ್ಲದಿದ್ದರೆ ಚಿಗುರುವುದಿಲ್ಲ. ನಾನು ತಲೆಯಲ್ಲಿ ಆ 650 ಗ್ರಾಂ ಲೆಕ್ಕ ಹಾಕುತ್ತಾ ಅಗೆದೆ. ಮೂರು ಕುತ್ತಿಗೆ ಹೋಯಿತು. ಅದರಲ್ಲಿ ಎರಡು ಅಮ್ಮ ತವರುಮನೆಯಿಂದ ತಂದ ಬಿಳಿ ಅಂಚಿನ ನೇರಳೆ. ದಯವಿಟ್ಟು ಈ ಭಾಗ ಯಾರೂ ಅಮ್ಮನಿಗೆ ತೋರಿಸಬೇಡಿ... ಅಯ್ಯೋ, ಈ ಶಾಟ್ ಮುಗಿಯಿತು, ಒಲೆ ಕೆಲಸಕ್ಕೆ ಬರೋಣ.

ಹಂಡೆಗೆ ತೇಪೆ ಹಾಕಿದವರು ಬಸ್‌ಸ್ಟ್ಯಾಂಡ್ ಹಿಂದೆ ಗ್ಯಾಸ್ ವೆಲ್ಡಿಂಗ್ ಮಾಡುವವರು. ತವರ ಬೇಡ ಅಂದರು, ಹಿತ್ತಾಳೆ ಕಡ್ಡಿ ಕರಗಿಸಿ ತಾಮ್ರದ ಬಿಲ್ಲೆ ಕೂರಿಸಿದರು. ಇಪ್ಪತ್ತು ನಿಮಿಷ, 350 ರೂಪಾಯಿ. ಹತ್ತು ಸಾವಿರ ಎಲ್ಲಿ, 350 ಎಲ್ಲಿ! "ಇದು ಬೇಗ ಕರಗಲ್ಲ, ಆದ್ರೂ ನೀರು ಹಾಕಿ ಬೆಂಕಿ ಹಾಕಿ ಅಣ್ಣಾ" ಅಂದರು. ಊರಿಗೆಲ್ಲ ಸುದ್ದಿ ಹೋಗಿದೆ.

ಗಾರೆ ಕೆಲಸದವರು ಸಿಗಲಿಲ್ಲ. ಎಲ್ಲರ ತೋಟದಲ್ಲೂ ಅಡಿಕೆ ಗೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಕೈ ಖಾಲಿ ಇರುವವರು ಇಡೀ ಊರಿನಲ್ಲಿ ಇಲ್ಲ. ಹಾಗಾಗಿ ನಾನು ಮತ್ತು ಅಪ್ಪಯ್ಯ. ಸಿಮೆಂಟ್ ಹಾಕೋಣ, ಬೇಗ ಆಗುತ್ತದೆ ಅಂದೆ. ಬೆಂಕಿ ತಾಗುವ ಕಡೆ ಸಿಮೆಂಟ್ ಸೀಳು ಬಿಡುತ್ತದೆ ಅಂತ ಅಪ್ಪಯ್ಯ ಒಪ್ಪಲಿಲ್ಲ. ಇದು ಹುತ್ತದ ಮಣ್ಣು, ಉಮಿ, ಸಗಣಿ. ತುಳಿಯುತ್ತಿರುವ ಕಾಲು ನನ್ನದು, ಎಷ್ಟು ತಣ್ಣಗಿತ್ತು ಅಂದರೆ ಬೆರಳು ಇದೆಯೋ ಇಲ್ಲವೋ ಅಂತ ನೋಡಿಕೊಳ್ಳಬೇಕಿತ್ತು.

ಒಡೆದದ್ದಂತೂ ಆಯಿತು, ಈ ಸಲ ಎರಡು ಬದಲಾವಣೆ ಮಾಡಿದೆವು. ಒಂದು, ತಳಕ್ಕೆ ಕಬ್ಬಿಣದ ಜಾಲರಿ. ಕೆಳಗಿನಿಂದ ಗಾಳಿ ಬರುತ್ತದೆ, ಬೂದಿ ತಾನೇ ಬೀಳುತ್ತದೆ. ಎರಡು, ಹೊಗೆ ಕೊಳವೆ. ಇದು ನನ್ನ ತಲೆಯದಲ್ಲ, ಅಸ್ತ್ರ ಒಲೆ ನೋಡಿದವರಿಗೆ ಗೊತ್ತಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ ಅಸ್ತ್ರ ಕೇಂದ್ರ ಶುರುವಾಯಿತು, ಆ ಒಲೆ ಅಲ್ಲಿಂದ ಬಂದದ್ದು. ಅತ್ತೆ ಮನೆಯ ಅಡುಗೆಮನೆಯಲ್ಲಿ ಇವತ್ತಿಗೂ ಉರಿಯುತ್ತಿದೆ. ನಮ್ಮ ಬಚ್ಚಲಿಗೆ ಇದು ಬರುವುದಕ್ಕೆ ಹಂಡೆ ತೂತಾಗಬೇಕಾಯಿತು.

ಕೊಳವೆ ಹೊರಗೆ ಹೋಗಲು ಮಾಡಿನಲ್ಲಿ ಒಂದು ಹಂಚು ತೆಗೆಯಬೇಕಿತ್ತು. ತೆಗೆದೆ, ಕೈ ಜಾರಿತು, ಹೌದು, ಅದೂ ಒಡೆಯಿತು. ಚೂರು ಜೋಡಿಸಿದಾಗ ಕಂಡದ್ದು ಇದು, ಬಾಸೆಲ್ ಮಿಷನ್, 1865. ಬರೆದುಕೊಳ್ಳಬೇಡಿ, ಹಂಚು ಆ ವರ್ಷದ್ದಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಆ ಮಿಷನರಿಗಳ ಹಂಚಿನ ಕಾರ್ಖಾನೆ ಶುರುವಾದ ವರ್ಷ ಅದು, ಅದನ್ನೇ ಅಚ್ಚು ಹಾಕುತ್ತಿದ್ದರು. ಚೂರನ್ನು ತುಳಸಿಕಟ್ಟೆ ಹತ್ತಿರ ಇಟ್ಟಿದ್ದೇನೆ.

ಇದು ಭಾನುವಾರ ಬೆಳಗ್ಗೆ. ಮಣ್ಣು ಪೂರ್ತಿ ಆರಿಲ್ಲ, ಅದಕ್ಕೇ ಸಣ್ಣ ಉರಿ. ಹೊಗೆ ನೋಡಿ, ಒಂದು ಎಳೆಯೂ ಒಳಗೆ ಬರುತ್ತಿಲ್ಲ. ಅಮ್ಮ ಬಂದು ನೋಡಿ, ಹೊಗೆಯಿಲ್ಲದಿದ್ದರೆ ಅಟ್ಟದ ಮೇಲಿನ ಬೀಜದ ಕಾಯಿಗಳಿಗೆ ಹುಳ ಹಿಡಿಯುತ್ತದೆ ಅಂದಳು. ಹೊಗೆ ಇದ್ದಾಗ ಕಣ್ಣು ಉರಿಯುತ್ತದೆ ಅಂತಿದ್ದವಳೂ ಇವಳೇ. ಗೀಸರ್ ಪ್ಲಗ್ ತೆಗೆದಿದ್ದೇನೆ. ಮಳೆಗಾಲದಲ್ಲಿ ಸೌದೆ ಒದ್ದೆಯಾದಾಗ ಮತ್ತೆ ನಾನೇ ಅದನ್ನು ಹೊಗಳುತ್ತೇನೆ, ಆಗ ಈ ವಿಡಿಯೋ ನೆನಪಿಸಬೇಡಿ.

ಅಪ್ಪಯ್ಯ ಬಂದರು. ಈಗ ಮನೆಯಲ್ಲಿ ಹೊಸ ನಿಯಮ, ಕಡ್ಡಿ ಗೀರುವ ಮೊದಲು ಯಾರಾದರೂ ಕೂಗಬೇಕು.

"ನೀರು ಹಾಕಿದ್ಯೇನೋ?"

ಹಾಕಿದ್ದೇನೆ ಅಪ್ಪಯ್ಯ, ಕಂಠದವರೆಗೆ ಇದೆ.

ನಂಬಲಿಲ್ಲ. ಕೈ ಹಾಕಿ ನೋಡುತ್ತಿದ್ದಾರೆ ನೋಡಿ. ಸರಿ, ಈಗ ಕ್ಯಾಮೆರಾ ತೆಗಿ, ಸ್ನಾನ ಮಾಡಬೇಕು ಅನ್ನುತ್ತಿದ್ದಾರೆ. ತೆಗೆದೆ ತೆಗೆದೆ...