ಪದಕ್ಕೆ 2 ರೂಪಾಯಿ

ಕೇಳುಗರಿಗೆ ನಮಸ್ಕಾರ.

ನಾನು ಜಾಹೀರಾತಿಗೆ ಕನ್ನಡ ಬರೆಯುವವನು. ಕಾಪಿರೈಟರ್ ಅಂತಾರೆ. ಯಾವ ಕಂಪನಿಯಲ್ಲೂ ನೌಕರಿ ಇಲ್ಲ. ಬೆಂಗಳೂರಿನ ಮನೆಯಲ್ಲೇ ಕೂತು, ಕೆಲಸ ಕೊಟ್ಟವರಿಗೆಲ್ಲ ಬರೆದುಕೊಡುತ್ತೇನೆ. ‘ಕಾಪಿ ಹೊಡೆಯೋ ಕೆಲಸವೇನೋ?’ ಅಂತ ನಮ್ಮ ಸೋದರಮಾವ ಒಮ್ಮೆ ಕೇಳಿದ್ದರು. ಪೂರ್ತಿ ತಪ್ಪೇನಲ್ಲ ಬಿಡಿ. ನನಗೆ ಬರುವ ಜಾಹೀರಾತುಗಳಲ್ಲಿ ಹೆಚ್ಚಿನವು ಮುಂಬೈಯಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹುಟ್ಟಿರುತ್ತವೆ. ಸಂಜೆ ಆರಕ್ಕೆ ಮೇಲ್ ಬರುತ್ತದೆ. ಬೆಳಿಗ್ಗೆ ಹತ್ತಕ್ಕೆ ಕನ್ನಡ ಬೇಕು.

ಒಂದು ಸಲ ಅಡುಗೆ ಎಣ್ಣೆಯ ಸಾಲು ಬಂತು. ‘ಟೇಸ್ಟ್ ದ ಡಿಫರೆನ್ಸ್’. ಜೊತೆಗೆ ಯಾರಿಂದಲೋ ಮಾಡಿಸಿದ ಕನ್ನಡವೂ ಇತ್ತು: ‘ವ್ಯತ್ಯಾಸವನ್ನು ಸವಿಯಿರಿ’. ಸುಮ್ನೆ ಸ್ವಲ್ಪ ತಿದ್ದಿಕೊಡಿ ಅಂದರು. ವ್ಯತ್ಯಾಸವನ್ನು ಯಾರಾದರೂ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಾರಾ? ವ್ಯಾಕರಣ ಸರಿಯಾಗಿದೆ, ಕಾಗುಣಿತ ಸರಿಯಾಗಿದೆ. ಆದರೆ ಯಾವ ಅಡುಗೆಮನೆಯಲ್ಲೂ ಯಾರೂ ಆಡದ ಮಾತು.

ಎರಡು ಗಂಟೆ ಗೀಚಿದೆ. ಏನೂ ಹೊಳೆಯಲಿಲ್ಲ. ಎದ್ದು ಒಳಗೆ ಹೋದರೆ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ‘ಎಣ್ಣೆ ಒಳ್ಳೇದು ಅಂತ ನಿನಗೆ ಹೇಗಮ್ಮಾ ಗೊತ್ತಾಗುತ್ತೆ?’ ಅಂದೆ. ಸಾಸಿವೆ ಚಟಪಟ ಅನ್ನುತ್ತಿತ್ತು. ಕರಿಬೇವು ಹಾಕಿ, ಸಿಡಿಯುತ್ತದೆಂದು ಒಂದು ಹೆಜ್ಜೆ ಹಿಂದೆ ಸರಿದು ಹೇಳಿದಳು: ‘ನನಗೇನು, ಇಡೀ ಬೀದಿಗೇ ಗೊತ್ತಾಗುತ್ತೆ.’

ನನಗೆ ಬೇಕಾಗಿದ್ದು ಅದೇ. ‘ಒಗ್ಗರಣೆ ನಿಮ್ಮ ಮನೆಯದು, ಘಮ ಬೀದಿಗೆಲ್ಲ’ ಅಂತ ಬರೆದು ಕಳಿಸಿದೆ. ಒಪ್ಪಿಗೆ ಆಯಿತು. ಬಿಲ್ ಕಳಿಸಿ ಅಂದರು. ಪದಕ್ಕೆ 2 ರೂಪಾಯಿ. ಐದು ಪದ, 10 ರೂಪಾಯಿ! ನಾನು ನಕ್ಕೆ. ಆ ಕಡೆಯವರು ನಗಲಿಲ್ಲ.

ಅನುವಾದದ ಲೆಕ್ಕವನ್ನು ಜಾಹೀರಾತಿಗೂ ಹಚ್ಚಿದರೆ ಆಗುವ ಫಜೀತಿ ಇದು. ನಾವು ಇಡೀ ದಿನ ಮಾಡುವುದೇ ಪದ ಕಡಿಮೆ ಮಾಡುವ ಕೆಲಸ. ಚೆನ್ನಾಗಿ ಮಾಡಿದಷ್ಟೂ ಸಂಪಾದನೆ ಕಮ್ಮಿ! ಅದರ ಮೇಲೆ ನಮ್ಮ ಭಾಷೆ ಪದಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ‘ಫ್ರಂ ಇನ್‌ಸೈಡ್ ದ ಹೌಸ್’ ಅಂದರೆ ನಾಲ್ಕು ಪದ. ‘ಮನೆಯೊಳಗಿಂದ’ ಅಂದರೆ ಒಂದೇ. ಅಂದಿನಿಂದ ನಾನು ಪದ ಎಣಿಸುವುದಿಲ್ಲ. ಇಡೀ ಕೆಲಸಕ್ಕೆ ಇಷ್ಟು, ತಿದ್ದುಪಡಿ ಎರಡು ಸಲ, ಅರ್ಧ ದುಡ್ಡು ಮುಂಗಡ. ಇದನ್ನು ಮೊದಲೇ ಮೇಲ್‌ನಲ್ಲಿ ಹಾಕುತ್ತೇನೆ. ಕೆಲವರು ಬಿಟ್ಟುಹೋದರು. ಹೋಗಲಿ.

ರೇಡಿಯೋಗೆ ಬರೆಯುವಾಗ ಕಷ್ಟ ಉಲ್ಟಾ. ಅಲ್ಲಿ 20 ಸೆಕೆಂಡೋ 30 ಸೆಕೆಂಡೋ ಅಷ್ಟೇ. ಕನ್ನಡದ ಪದಗಳು ಉದ್ದ. ‘ಷರತ್ತುಗಳು ಅನ್ವಯಿಸುತ್ತವೆ’ ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ, ಅರ್ಧ ಉಸಿರು ಅಲ್ಲೇ ಖರ್ಚು. ನಾನು ಮೊಬೈಲಿನ ಸ್ಟಾಪ್‌ವಾಚ್ ಒತ್ತಿಕೊಂಡು ಕೋಣೆಯಲ್ಲಿ ಓಡಾಡುತ್ತಾ ಓದುತ್ತೇನೆ. ಪಕ್ಕದ ಮನೆಯವರಿಗೆ ಈಗ ಅಭ್ಯಾಸವಾಗಿದೆ.

ಬರೆಯುವುದಕ್ಕಿಂತ ಜಾಸ್ತಿ ಹೊತ್ತು ಹೋಗುವುದು ದುಡ್ಡು ಕೇಳುವುದರಲ್ಲಿ. ‘ಅಕೌಂಟ್ಸ್‌ನವರು ರಜೆ’ ಅನ್ನುವ ಮಾತನ್ನು ನಾಲ್ಕು ತಿಂಗಳು ಕೇಳಿದ್ದೂ ಉಂಟು. ಟಿಡಿಎಸ್ ಅಂತ, ದುಡ್ಡು ಕೊಡುವಾಗಲೇ ಆದಾಯ ತೆರಿಗೆ ಹಿಡಿದುಕೊಂಡರೆ ಚಿಂತೆಯಿಲ್ಲ, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಸಿಗುತ್ತದೆ. ತಡ ಮಾಡುವವರಿಗೆ ಮಾತ್ರ ಒಂದು ಮದ್ದಿದೆ. ನಮ್ಮಂಥ ಒಬ್ಬಂಟಿಗಳೂ ಸಣ್ಣ ಉದ್ಯಮಗಳಿಗೆಂದೇ ಇರುವ ಕೇಂದ್ರ ಸರ್ಕಾರದ ‘ಉದ್ಯಮ್’ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬಹುದು, ಶುಲ್ಕವಿಲ್ಲ. 2006ರ ಸಣ್ಣ ಉದ್ಯಮಗಳ ಕಾಯ್ದೆ ಪ್ರಕಾರ, ಲಿಖಿತ ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಬಾಕಿ ಇಡುವಂತಿಲ್ಲ. ಇಲ್ಲದಿದ್ದರೆ 15 ದಿನ. ಮೀರಿದರೆ ಬಡ್ಡಿ. ನಾನು ಕೇಸು ಗೀಸು ಅಂತ ಹೋಗಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಹಾಕುತ್ತೇನೆ. ಈಗ ಅಕೌಂಟ್ಸ್‌ನವರ ರಜೆ ಸ್ವಲ್ಪ ಬೇಗ ಮುಗಿಯುತ್ತಿದೆ.

ಆ ಎಣ್ಣೆ ಜಾಹೀರಾತು ಒಂದು ದಿನ ಎಫ್‌ಎಂನಲ್ಲಿ ಬಂತು. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದವಳು ಕೈ ನಿಲ್ಲಿಸಿದಳು. ‘ಇದು ನಾನು ಹೇಳಿದ್ದಲ್ವಾ?’

‘ಹೌದಮ್ಮ.’

‘ಎಷ್ಟು ಕೊಟ್ಟರು?’

ನಾನು ರೇಡಿಯೋ ದನಿ ಸ್ವಲ್ಪ ಜೋರು ಮಾಡಿದೆ.

ನಮಸ್ಕಾರ.