ಶುಕ್ರವಾರ ಬರೀ ತಲೆ, ಶನಿವಾರ ಹೆಲ್ಮೆಟ್

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಕೂತಿರುವ ಬೆಳೆಗಾರರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ವಿಯೆಟ್ನಾಂನಲ್ಲಿರುವವನು ಬಂದಿದ್ದಾನೆ, ರೊಬಸ್ಟಾ ಕಾಫಿ ರೇಟ್ ಬಗ್ಗೆ ಏನಾದರೂ ಬಾಯಿ ಬಿಡುತ್ತಾನೆ ಅಂತ ಬಂದಿದ್ದೀರಿ. ಇಲ್ಲ ಸ್ವಾಮಿ. ರೇಟ್ ಮುಂದೆ ಏನಾಗುತ್ತೆ ಅಂತ ಗೊತ್ತಿದ್ದರೆ ನಾನು ಇನ್ನೊಬ್ಬರ ಕಂಪನಿಯಲ್ಲಿ ಸಂಬಳಕ್ಕೆ ಯಾಕೆ ಇರುತ್ತಿದ್ದೆ? ಇದು ರಸ್ತೆ ಸುರಕ್ಷತಾ ಮಾಸದ ಕಾರ್ಯಕ್ರಮ, ವಿಷಯ ಹೆಲ್ಮೆಟ್. ಬೋರ್ ಅನಿಸಿದರೆ ಹೊರಗೆ ಕಾಫಿ ಇದೆ, ನಮ್ಮ ಊರಿನದೇ.

ಈ ವಿಷಯವನ್ನು ನಾನೇ ಕೇಳಿ ತೆಗೆದುಕೊಂಡೆ. ರಜಕ್ಕೆ ಚಿಕ್ಕಮಗಳೂರಿಗೆ ಬಂದಾಗಲೆಲ್ಲ ನನ್ನ ತಲೆ ಕೆಡಿಸುವುದು ಇದೇ. ಶನಿವಾರ ಬೆಳಿಗ್ಗೆ ಕೈಮರದಲ್ಲಿ ನಿಂತು ನೋಡಿ. ಬೆಂಗಳೂರಿನ ಹುಡುಗರು ಮುಳ್ಳಯ್ಯನಗಿರಿಗೆ ಹೊರಟಿರುತ್ತಾರೆ. ಮುಖ ಮುಚ್ಚುವ ಹೆಲ್ಮೆಟ್, ಮೊಣಕಾಲಿಗೆ ಪ್ಯಾಡ್, ಕೈಗೆ ಗ್ಲೌಸ್. ಅವರ ಪಕ್ಕದಲ್ಲೇ ನಮ್ಮವರೊಬ್ಬರು ತಲೆಗೆ ಟವೆಲ್ ಸುತ್ತಿಕೊಂಡು, ಮುಂದೆ ಟ್ಯಾಂಕ್ ಮೇಲೆ ಮಗು ಕೂರಿಸಿಕೊಂಡು, ಹಿಂದೆ ಹೆಂಡತಿ, ಹೆಂಡತಿ ತೊಡೆ ಮೇಲೆ ಸಂತೆ ಚೀಲ, ಆರಾಮಾಗಿ ಹೋಗುತ್ತಿರುತ್ತಾರೆ. ಕೇಳಿದರೆ, 'ಇಲ್ಲೇ ತೋಟಕ್ಕೆ ಹೋಗಿ ಬರ್ತೀನಿ ಮಾರಾಯ'. ಅದೇ ತಿರುವು, ಅದೇ ಮಂಜು, ಎದುರಿಗೆ ಅದೇ ಟೆಂಪೋ ಟ್ರಾವೆಲರ್. ಊರಿನವರಿಗೆ ಅಂತ ರಸ್ತೆ ಬೇರೆ ಇದೆಯಾ?

ಈ 'ಇಲ್ಲೇ' ಅನ್ನುವುದೇ ನನ್ನ ಶತ್ರು. ಇವತ್ತು ನಾನು ಏನೇ ಮಾತಾಡಿದರೂ ಕೊನೆಗೆ ಅಲ್ಲಿಗೇ ಬರುತ್ತೇನೆ, ಸಹಿಸಿಕೊಳ್ಳಿ.

ನಾನು ಸೈಗಾನ್‌ಗೆ ಹೋದಾಗ, ಅಂದರೆ ಹೋ ಚಿ ಮಿನ್ ಸಿಟಿಗೆ (ಊರಿನವರೇ ಸೈಗಾನ್ ಅಂತಾರೆ, ನಾನೂ ಹಾಗೇ ಅನ್ನುತ್ತೇನೆ), ಅಲ್ಲಿ ಹೆಲ್ಮೆಟ್ ಕಾಣುತ್ತಿದ್ದದ್ದೇ ಅಪರೂಪ. ಕೆಲವು ಹೆದ್ದಾರಿಗಳಲ್ಲಿ ಹಾಕಬೇಕು ಅಂತ ಕಾನೂನು ಮೊದಲೇ ಇತ್ತು. ಊರೊಳಗೆ ಯಾರೂ ಹಾಕುತ್ತಿರಲಿಲ್ಲ. ಹಾಕಿದವರನ್ನು 'ಅನ್ನ ಮಾಡುವ ಕುಕ್ಕರ್' ಅಂತ ಆಡಿಕೊಳ್ಳುತ್ತಿದ್ದರು. ಸೆಕೆ, ಕೂದಲು ಹಾಳಾಗುತ್ತೆ, ಹಾರ್ನ್ ಕೇಳಿಸಲ್ಲ, ಕತ್ತು ನೋವು. ಇದೆಲ್ಲ ನಮ್ಮದೇ ಸ್ವಂತ ನೆಪಗಳು ಅಂದುಕೊಂಡಿದ್ದೆ. ಒಂದನ್ನೂ ಬಿಡದೆ ಎಲ್ಲವನ್ನೂ ಅಲ್ಲಿ ಕೇಳಿದೆ.

2006ರ ಡಿಸೆಂಬರ್‌ನಲ್ಲಿ ಹನೋಯ್‌ನಲ್ಲಿ ಒಂದು ಘಟನೆ ಆಯಿತು. ಸೀಮೋರ್ ಪೇಪರ್ಟ್ ಅಂತ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ದೊಡ್ಡ ಗಣಿತಜ್ಞ. ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಲೋಗೋ ಭಾಷೆ ಮಾಡಿದವರಲ್ಲಿ ಒಬ್ಬರು. ಸಮ್ಮೇಳನಕ್ಕೆ ಅಂತ ಹನೋಯ್‌ಗೆ ಬಂದಿದ್ದರು. ಆ ಊರಿನ ಟ್ರಾಫಿಕ್ಕನ್ನು ಗಣಿತದ ಸೂತ್ರದಲ್ಲಿ ಹಿಡಿಯಬಹುದಾ ಅಂತ ಜೊತೆಯವರ ಹತ್ತಿರ ಚರ್ಚೆ ಮಾಡಿದ್ದರು. ಆಮೇಲೆ ರಸ್ತೆ ದಾಟುವಾಗ ಮೋಟರ್‌ಬೈಕ್ ಬಂದು ಹೊಡೆಯಿತು. ತಲೆಗೆ ಪೆಟ್ಟು, ಕೋಮಾ. ಬದುಕಿದರು, ಆದರೆ ಮೊದಲಿನ ಹಾಗೆ ಕೆಲಸ ಮಾಡಲು ಆಗಲಿಲ್ಲ. ಅದಾದ ಕೆಲವೇ ದಿನಕ್ಕೆ ಆ ದೇಶದ್ದೇ ಹೆಸರಾಂತ ವಿಜ್ಞಾನಿ ಪ್ರೊಫೆಸರ್ ನ್ಗುಯೆನ್ ವಾನ್ ದಾವೊ ಹನೋಯ್ ರಸ್ತೆಯಲ್ಲೇ ಮೋಟರ್‌ಬೈಕ್ ಹೊಡೆದು ತೀರಿಕೊಂಡರು. ಇಬ್ಬರೂ ನಡೆದು ಹೋಗುತ್ತಿದ್ದವರು, ಹೆಲ್ಮೆಟ್ಟಿಗೂ ಅದಕ್ಕೂ ನೇರ ಸಂಬಂಧ ಇಲ್ಲ, ಒಪ್ಪುತ್ತೇನೆ. ಆದರೆ ರಸ್ತೆಯಲ್ಲಿ ಜನ ಸಾಯುವುದು ಮಾಮೂಲಿ ಅಂತ ಸುಮ್ನೆ ಇದ್ದ ದೇಶ ಆ ವಾರ ಬೇರೆ ಥರ ಮಾತಾಡಿತು.

ಮುಂದಿನ ವರ್ಷ ಜೂನ್ ಕೊನೆಗೆ ಸರ್ಕಾರ ಒಂದು ನಿರ್ಣಯ ಹೊರಡಿಸಿತು. ಇಲ್ಲಿ ಸ್ವಲ್ಪ ಗಮನ ಇಟ್ಟು ಕೇಳಿ, ನನ್ನ ಇಡೀ ವಾದ ಇರುವುದು ಇಲ್ಲೇ. ಸೆಪ್ಟೆಂಬರ್ 15ರಿಂದ ಹೆದ್ದಾರಿಯಲ್ಲಿ ಎಲ್ಲರೂ ಹಾಕಬೇಕು. ಸರ್ಕಾರಿ ನೌಕರರು, ಸೈನ್ಯದವರು, ಪೊಲೀಸರು ಎಲ್ಲರಿಗಿಂತ ಮೊದಲೇ ಹಾಕಿಕೊಂಡು ತೋರಿಸಬೇಕು. ಡಿಸೆಂಬರ್ 15ರಿಂದ ದೇಶದ ಎಲ್ಲ ರಸ್ತೆಯಲ್ಲಿ, ಓಡಿಸುವವರು, ಹಿಂದೆ ಕೂತವರು, ಎಲ್ಲರೂ. ದೊಡ್ಡ ರಸ್ತೆ, ಗಲ್ಲಿ, ಭತ್ತದ ಗದ್ದೆ ಬದಿ, ಎಲ್ಲಾ ಕಡೆ. ಅಂದರೆ 'ಇಲ್ಲೇ' ಅನ್ನುವುದನ್ನೇ ತೆಗೆದುಹಾಕಿದರು.

2007ರ ಡಿಸೆಂಬರ್ 15 ಶನಿವಾರ. ಶುಕ್ರವಾರ ಸಂಜೆ ಆಫೀಸ್ ಬಿಟ್ಟು ಬರುವಾಗ ಸಿಗ್ನಲ್‌ನಲ್ಲಿ ನಿಂತಿದ್ದ ನೂರಾರು ಬೈಕ್‌ಗಳಲ್ಲಿ ಹೆಚ್ಚಿನವರದು ಬರೀ ತಲೆ. ಶನಿವಾರ ಬೆಳಿಗ್ಗೆ ಅದೇ ಸಿಗ್ನಲ್‌ನಲ್ಲಿ ಬರೀ ತಲೆ ಹುಡುಕಬೇಕಿತ್ತು. ಉತ್ಪ್ರೇಕ್ಷೆ ಅಲ್ಲ, ಲೆಕ್ಕ ಹಾಕಿದವರೂ ನೂರಕ್ಕೆ 90ಕ್ಕಿಂತ ಜಾಸ್ತಿ ಅಂತ ಬರೆದಿದ್ದಾರೆ. ಕಾನೂನು ಬರುವ ಮುಂಚೆ ಮತ್ತು ಬಂದ ಮೇಲೆ ಪ್ರಾಂತ್ಯಗಳ 20 ಆಸ್ಪತ್ರೆಗಳಲ್ಲಿ ಅಪಘಾತದಲ್ಲಿ ಗಾಯಗೊಂಡು ಬಂದವರ ಲೆಕ್ಕ ಇಟ್ಟರು. ತಲೆಗೆ ಪೆಟ್ಟಾಗುವುದು ಶೇಕಡಾ 16, ಸಾಯುವುದು ಶೇಕಡಾ 18 ಕಮ್ಮಿ ಆಗಿತ್ತು.

ಈ ಕಥೆ ಹೇಳಿದರೆ ಊರಿನಲ್ಲಿ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. 'ಅದು ಒಂದೇ ಪಕ್ಷದ ದೇಶ ಕಣಯ್ಯಾ, ಭಯಕ್ಕೆ ಹಾಕ್ತಾರೆ.' ಇದಕ್ಕೆ ನನ್ನ ಹತ್ತಿರ ಒಂದು ಕಥೆ ಇದೆ. ನನ್ನ ಮನೆಯವರು ಇದನ್ನು ಕೇಳಿ ಕೇಳಿ ಸಾಕಾಗಿ ಇವತ್ತು ಸಭೆಗೇ ಬಂದಿಲ್ಲ.

ಸೈಗಾನ್‌ನಲ್ಲಿ ನಮ್ಮ ಓಣಿ ಬಾಯಲ್ಲಿ ಒಬ್ಬ ಯಜಮಾನರು ಬೈಕ್ ಇಟ್ಟುಕೊಂಡು ಕೂತಿರುತ್ತಿದ್ದರು. ಸೆ ಓಮ್ ಅಂತಾರೆ, ನಮ್ಮ ಬೈಕ್ ಟ್ಯಾಕ್ಸಿ ಇದ್ದ ಹಾಗೆ, ಆ್ಯಪ್ ಗೀಪ್ ಏನೂ ಇಲ್ಲದ ಕಾಲದ್ದು. ಬೈಕ್ ಮೇಲೇ ಮಲಗುತ್ತಿದ್ದರು. ಹ್ಯಾಂಡಲ್ ಮೇಲೆ ಕಾಲು, ಸೀಟ್ ಮೇಲೆ ಬೆನ್ನು, ಮುಖದ ಮೇಲೆ ಪೇಪರ್. ಹೇಗೆ ಬೀಳುತ್ತಿರಲಿಲ್ಲವೋ ದೇವರಿಗೇ ಗೊತ್ತು. ಒಂದು ದಿನ ಬ್ಯಾಂಕಿಗೆ ಹೋಗಬೇಕಿತ್ತು, ತೀರಾ ಹತ್ತಿರ, ಆದರೆ ಬಿಸಿಲು. ಹಿಂದೆ ಹತ್ತಿ ಕೂತೆ. ಒಂದು ಹೆಲ್ಮೆಟ್ ಕೊಟ್ಟರು. ಅದಕ್ಕೆ ಎಷ್ಟು ಜನರ ಎಣ್ಣೆ, ಬೆವರು ಹತ್ತಿತ್ತೋ, ಮೂಸಿದರೆ ಸಾಕು. ನೂರಾರು ಪಟ್ಟಾಭಿಷೇಕ ಮುಗಿಸಿದ ಕಿರೀಟ. ನಾನು ನಮ್ಮ ಚಿಕ್ಕಮಗಳೂರಿನ ಶೈಲಿಯಲ್ಲೇ, ನನ್ನ ಹರಕು ವಿಯೆಟ್ನಾಮಿಯಲ್ಲಿ, 'ಇಲ್ಲೇ ತಾನೇ ಅಣ್ಣ' ಅಂದೆ.

ಅವರು ಬೈಕ್ ಆಫ್ ಮಾಡಿದರು. ಏನೂ ಮಾತಾಡಲಿಲ್ಲ. ಸಿಗರೇಟ್ ಹಚ್ಚಿದರು. ನಾನು ಹಿಂದೆ ಕೂತಿದ್ದೇನೆ, ಅವರು ಮುಂದೆ ಕೂತು ಹೊಗೆ ಬಿಡುತ್ತಿದ್ದಾರೆ. ಪಕ್ಕದ ಕಾಫಿ ಅಂಗಡಿಯ ಅಕ್ಕ ನೋಡಿ ನಗುತ್ತಿದ್ದಾರೆ. ಪೊಲೀಸ್ ಒಬ್ಬನೂ ಇಲ್ಲ. ಅರ್ಧ ಸಿಗರೇಟ್ ಆಯಿತು. ಬ್ಯಾಂಕ್ ಮುಚ್ಚುವ ಹೊತ್ತು ಹತ್ತಿರ ಬರುತ್ತಿದೆ. ಕೊನೆಗೆ ನಾನು ಹೆಲ್ಮೆಟ್ ಹಾಕಿದೆ. ಅವರು ತಿರುಗಿ ನೋಡಿ ನನ್ನ ಗಲ್ಲದ ಕೆಳಗೆ ಪಟ್ಟಿ ತಾವೇ ಬಿಗಿದರು, ಸಣ್ಣ ಮಗುವಿಗೆ ಬಿಗಿದ ಹಾಗೆ. ಆಮೇಲೆ ಬೈಕ್ ಸ್ಟಾರ್ಟ್ ಮಾಡಿ ಏನು ಮಾಡಿದರು ಗೊತ್ತಾ? ನೇರ ಫುಟ್‌ಪಾತ್ ಹತ್ತಿಸಿದರು! ಒನ್‌ವೇಯಲ್ಲಿ ಉಲ್ಟಾ ಹೋದರು. ಕೆಂಪು ದೀಪ ಇತ್ತು, ಅದನ್ನು ದೀಪಾವಳಿ ಹಣತೆ ಅಂದುಕೊಂಡರೋ ಏನೋ, ನಿಲ್ಲಿಸಲೇ ಇಲ್ಲ. ಬ್ಯಾಂಕ್ ಮುಂದೆ ಇಳಿದಾಗ ನನ್ನ ಕಾಲು ನಡುಗುತ್ತಿತ್ತು. ಅವರು ಹೆಲ್ಮೆಟ್ ವಾಪಸ್ ಇಸ್ಕೊಂಡು, ದುಡ್ಡು ಎಣಿಸಿ, ಹೋದರು.

ಈಗ ಹೇಳಿ. ಈ ಮನುಷ್ಯನಿಗೆ ಸರ್ಕಾರದ ಭಯ ಇದೆಯಾ? ಐದು ನಿಮಿಷದಲ್ಲಿ ಮೂರು ಕಾನೂನು ಮುರಿದರು. ಭಯವೇ ಕಾರಣ ಆಗಿದ್ದರೆ ಕೆಂಪು ದೀಪಕ್ಕೂ ನಿಲ್ಲಬೇಕಿತ್ತಲ್ವಾ? ಅದೇ ಪೊಲೀಸ್, ಅದೇ ಪಕ್ಷ, ಅದೇ ದಂಡ. ಆದರೂ ಹೆಲ್ಮೆಟ್ ಬೇಕೇ ಬೇಕು. ಯಾಕೆಂದರೆ ಅದು ಪೊಲೀಸಿಗೂ ಅವರಿಗೂ ನಡುವಿನ ವ್ಯವಹಾರ ಆಗಿ ಉಳಿದಿರಲಿಲ್ಲ. ಹಿಂದೆ ಕೂತವನ ತಲೆ ತನ್ನ ಜವಾಬ್ದಾರಿ ಅಂತ ಅವರಿಗೆ ಅನಿಸಿಬಿಟ್ಟಿತ್ತು. ಎಲ್ಲರೂ ಒಂದೇ ದಿನ ಹಾಕಿದ್ದರಿಂದ, ಮೇಲಿನವರು ಮೊದಲು ಹಾಕಿದ್ದರಿಂದ, ಹಾಕದವನೇ ಬೆಪ್ಪನಾಗಿ ಕಾಣುತ್ತಿದ್ದ.

ಭಯ ಎಲ್ಲಿ ಕೆಲಸ ಮಾಡುತ್ತೆ ಅನ್ನುವುದನ್ನೂ ನೋಡಿದ್ದೇನೆ. 2025ರ ಜನವರಿಯಿಂದ ಅಲ್ಲಿ ದಂಡ ಏರಿಸಿದರು. ಬೈಕಿನವನು ಕೆಂಪು ದೀಪ ದಾಟಿದರೆ 40 ಲಕ್ಷದಿಂದ 60 ಲಕ್ಷ ಡಾಂಗ್. ಗಾಬರಿ ಆಗಬೇಡಿ, ಅವರ ದುಡ್ಡಿಗೆ ಸೊನ್ನೆ ಜಾಸ್ತಿ. ಆದರೂ ನಮ್ಮ ಲೆಕ್ಕದಲ್ಲಿ ಹತ್ತು ಸಾವಿರದ ಮೇಲೇ. ಜನ ಹಸಿರು ದೀಪ ಬಂದರೂ ಅನುಮಾನದಿಂದ ನೋಡುವ ಹಾಗಾಯಿತು. ಅದು ಭಯ. ಹೆಲ್ಮೆಟ್‌ದು ಬೇರೆ, ಅದನ್ನು ರಾತ್ರಿ ಹನ್ನೊಂದಕ್ಕೆ ಖಾಲಿ ಗಲ್ಲಿಯಲ್ಲೂ ಹಾಕುತ್ತಾರೆ. ತಲೆ ಮೇಲೆ ಇದೆ ಅನ್ನುವುದನ್ನೇ ಮರೆತು, ಫುಟ್‌ಪಾತಿನ ಸಣ್ಣ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಹಾಗೇ ಕೂತು ಟೀ ಕುಡಿಯುವವರನ್ನೂ ನೋಡಿದ್ದೇನೆ.

ನಮ್ಮ ಕಡೆಗೆ ಬರೋಣ. ಕಾನೂನು ನಮ್ಮಲ್ಲಿ ಇಲ್ಲವಾ? ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ 1988ರಿಂದ ಇದೆ. ಹಿಂದೆ ಕೂತವರಿಗೂ ಬೇಕು ಅಂತ ಕರ್ನಾಟಕದಲ್ಲಿ 2016ರ ಜನವರಿಯಲ್ಲಿ ಬಿಗಿ ಮಾಡಿದರು. 2019ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ದಂಡ ಸಾವಿರ ರೂಪಾಯಿ ಆಯಿತು, ಅದೇ ತಿಂಗಳು ನಮ್ಮ ರಾಜ್ಯ ಅದನ್ನು 500ಕ್ಕೆ ಇಳಿಸಿತು. ಆಮೇಲೆ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇಕಡಾ 50 ರಿಯಾಯಿತಿ. 2025ರಲ್ಲಿ ಮತ್ತೆ. ಆಷಾಢ ಸೇಲ್ ಥರ! ನನ್ನ ಸ್ನೇಹಿತ ಒಬ್ಬ, ಹೆಸರು ಬೇಡ, ಇಲ್ಲೇ ಕೂತಿದ್ದಾನೆ, 'ಈಗ ಕಟ್ಟಬೇಡ, ಆಫರ್ ಬರುತ್ತೆ' ಅಂತ ನನಗೇ ಸಲಹೆ ಕೊಟ್ಟ. ತಪ್ಪು ಅವನದಲ್ಲ. ದಂಡ ಅಂದರೆ ಚೌಕಾಸಿ ಮಾಡುವ ವಸ್ತು ಅಂತ ನಾವೇ ಕಲಿಸಿಕೊಟ್ಟಿದ್ದೇವೆ.

ಒಂದೇ ಒಂದು ಅಂಕಿ ಹೇಳುತ್ತೇನೆ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029. ಕೇಂದ್ರ ಸರ್ಕಾರದ ವರದಿ. ಇವರಲ್ಲಿ 14,337 ಜನ ಹಿಂದೆ ಕೂತವರು. ಹಿಂದೆ ಕೂರುವವರು ಯಾರು ಅಂತ ನಾನು ಹೇಳಬೇಕಾ? ನಮ್ಮ ಅಮ್ಮಂದಿರು, ಹೆಂಡತಿಯರು, ಅಕ್ಕ ತಂಗಿಯರು. ಗಂಡ ಹೆಲ್ಮೆಟ್ ಹಾಕಿರುತ್ತಾನೆ, ಯಾಕೆಂದರೆ ಕ್ಯಾಮೆರಾ ಮುಂದಿನಿಂದ ಹಿಡಿಯುತ್ತೆ. ಹಿಂದೆ ಕೂತವರಿಗೆ ಸೆರಗೇ ಹೆಲ್ಮೆಟ್. ನಗುತ್ತಿದ್ದೀರಿ, ಇರಲಿ. ಹೋಗುವಾಗ ಪಾರ್ಕಿಂಗ್‌ನಲ್ಲಿ ನೋಡೋಣ.

'ಹೊರದೇಶಕ್ಕೆ ಹೋದವನು ಬುದ್ಧಿ ಹೇಳೋಕೆ ಬಂದ' ಅಂತ ಕೆಲವರಿಗೆ ಅನಿಸಿರುತ್ತೆ. ಸರಿ. ಅಲ್ಲಿ ನಾನು ಯಾರಿಗೂ ಬುದ್ಧಿ ಹೇಳುವ ಹಾಗಿಲ್ಲ. ಓಟಿಲ್ಲ, ಪತ್ರಿಕೆಗೆ ಬರೆದು ಬೈಯುವ ಹಾಗಿಲ್ಲ, ಬ್ಯಾನರ್ ಹಿಡಿದು ಕೂರುವ ಹಾಗೂ ಇಲ್ಲ. ವೀಸಾ ನೆನಪಿಟ್ಟುಕೊಂಡು ಬಾಯಿ ಮುಚ್ಚಿಕೊಂಡಿರುತ್ತೇನೆ. ಅಲ್ಲಿಯದೇ ವ್ಯವಸ್ಥೆ ನಮಗೂ ಬೇಕು ಅಂತ ದಯವಿಟ್ಟು ಯಾರೂ ಅಂದುಕೊಳ್ಳಬೇಡಿ, ಒಂದು ವಾರ ಇದ್ದರೆ ನಿಮ್ಮಲ್ಲಿ ಅರ್ಧ ಜನ ಓಡಿಬರುತ್ತೀರಿ. ಇಲ್ಲಿ ಆಜಾದ್ ಪಾರ್ಕ್ ಹತ್ತಿರ ಯಾರು ಬೇಕಾದರೂ ಮೈಕ್ ಹಾಕಿ ಮುಖ್ಯಮಂತ್ರಿಯನ್ನು ತರಾಟೆಗೆ ತೆಗೆದುಕೊಳ್ಳಬಹುದು. ನನಗೆ ಅದು ಖುಷಿ, ವರ್ಷಪೂರ್ತಿ ಅದಕ್ಕೇ ಕಾಯುತ್ತೇನೆ. ನನ್ನ ಸಂಕಟ ಏನು ಅಂದರೆ, ಮಾತಾಡುವ ಹಕ್ಕು ಇಲ್ಲದವರು ಪಕ್ಕದವನ ಪಟ್ಟಿ ಬಿಗಿಯುತ್ತಾರೆ, ಎಲ್ಲಾ ಹಕ್ಕು ಇರುವ ನಾವು 'ಇಲ್ಲೇ ತಾನೇ' ಅನ್ನುತ್ತೇವೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷವಂತೆ. ನಾನು ಬರೆದುಕೊಂಡು ಬಂದದ್ದರಲ್ಲಿ ಇನ್ನೂ ಅರ್ಧ ಉಳಿದಿದೆ, ಎಲ್ಲಾ ಆ ಬೈಕ್ ಯಜಮಾನರ ತಪ್ಪು.

ಬೇಗ ಬೇಗ ಹೇಳುತ್ತೇನೆ. ಮಕ್ಕಳ ವಿಷಯದಲ್ಲಿ ವಿಯೆಟ್ನಾಂನವರೂ ಎಡವಿದರು. 14 ವರ್ಷದೊಳಗಿನವರಿಗೆ ದಂಡ ಹಾಕುವ ಹಾಗಿರಲಿಲ್ಲ, ಹೆಲ್ಮೆಟ್ ಭಾರಕ್ಕೆ ಎಳೆ ಕತ್ತು ಹಾಳಾಗುತ್ತೆ ಅಂತ ಸುದ್ದಿ ಬೇರೆ ಹಬ್ಬಿತು. ಅಪ್ಪ ಅಮ್ಮ ಹೆಲ್ಮೆಟ್ ಹಾಕಿ, ನಡುವೆ ಮಗು ಬರೀ ತಲೆಯಲ್ಲಿ. 2010ರಲ್ಲಿ ದಂಡವನ್ನು ಓಡಿಸುವವರ ಮೇಲೆ ಹಾಕಿದರು. ನಮ್ಮಲ್ಲಿ ನಾಲ್ಕು ವರ್ಷ ದಾಟಿದ ಮಗುವಿಗೆ ಹೆಲ್ಮೆಟ್ ಕಡ್ಡಾಯ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೂ 2023ರಿಂದ ನಿಯಮ ಇದೆ, ಬೆಲ್ಟ್ ಸಮೇತ. ನಮ್ಮ ಊರಲ್ಲಿ ಎಷ್ಟು ಅಂಗಡಿಯಲ್ಲಿ ಮಕ್ಕಳ ಅಳತೆಯ ಹೆಲ್ಮೆಟ್ ಸಿಗುತ್ತೆ, ಹೋಗಿ ಕೇಳಿ.

ಇನ್ನೊಂದು, ಟೋಪಿ ಥರದ್ದು. ಅಲ್ಲೂ ಕ್ರಿಕೆಟ್ ಕ್ಯಾಪ್ ಹಾಗೆ ಕಾಣುವ ಪ್ಲಾಸ್ಟಿಕ್ ಹೆಲ್ಮೆಟ್ ಧಂಡಿಯಾಗಿ ಸಿಗುತ್ತೆ. ಅದನ್ನೇನೂ ನಾನು ಹೊಗಳಲ್ಲ. ಇಲ್ಲೂ ರಸ್ತೆ ಬದಿ ರಾಶಿ ಹಾಕಿರುತ್ತಾರಲ್ಲ, ಅದೇ. 2021ರ ಜೂನ್‌ನಿಂದ ಐಎಸ್ಐ ಗುರುತು ಇಲ್ಲದ್ದನ್ನು ಮಾರುವಂತೇ ಇಲ್ಲ. ಕೊಳ್ಳುವವರು ನಾವೇ ತಾನೇ?

ರಸ್ತೆ ಮೊದಲು ಸರಿ ಮಾಡಲಿ ಅಂತ ಯಾರೋ ಅಲ್ಲಿ ಗೊಣಗಿದರು. ಖಂಡಿತ ಮಾಡಲಿ ಗೌಡ್ರೇ, ಗುಂಡಿ ಬಗ್ಗೆ ಇನ್ನೊಂದು ದಿನ ಕರೆಯಿರಿ, ಎರಡು ಗಂಟೆ ಮಾತಾಡುತ್ತೇನೆ. ಅಲ್ಲಿವರೆಗೆ ಗುಂಡಿ ಇರುವುದಕ್ಕೇ ಹಾಕಿಕೊಳ್ಳಿ.

ನಾನು ಕೇಳುವುದು ಇಷ್ಟು. ತೋಟದಲ್ಲಿ ರೈಟರ್, ಅಂದರೆ ಆಳುಗಳ ಕೆಲಸ ನೋಡಿಕೊಳ್ಳುವವರು, ಬೈಕಿನಲ್ಲಿ ಓಡಾಡುತ್ತಾರೆ, ಆಳುಗಳು ಬೈಕಿನಲ್ಲಿ ಬರುತ್ತಾರೆ. ಅವರಿಗೆ ಭಾಷಣ ಮಾಡಬೇಡಿ. ಮೊದಲು ಮಾಲೀಕರು, ತೋಟದ ಒಳಗಿನ ಮಣ್ಣು ರಸ್ತೆಯಲ್ಲೂ ಹೆಲ್ಮೆಟ್ ಹಾಕಿ. ಆಮೇಲೆ ರೈಟರ್. ಒಂದು ತಿಂಗಳು ಬಿಟ್ಟು ಒಂದು ದಿನ ಗೊತ್ತು ಮಾಡಿ, ಅವತ್ತಿನಿಂದ ಗೇಟಿನ ಒಳಗೆ ಎಲ್ಲರೂ, ಹಿಂದೆ ಕೂತವರೂ. ಹೆಲ್ಮೆಟ್ ದುಡ್ಡು ಆಳುಗಳ ಕೂಲಿಯಲ್ಲಿ ಮಾತ್ರ ಹಿಡಿಯಬೇಡಿ, ನೀವೇ ಕೊಡಿಸಿ. ಕಾಫಿಗೆ ಇಷ್ಟು ಒಳ್ಳೆ ರೇಟ್ ನೋಡಿದ್ದೀರಿ ಈ ವರ್ಷಗಳಲ್ಲಿ, ನನ್ನ ಬಾಯಲ್ಲಿ ಇದನ್ನೇ ಕೇಳಬೇಕು ಅಂತ ಬಂದಿದ್ದಿರಿ, ಅಂದುಬಿಟ್ಟೆ.

ಸಂಘದಿಂದಲೇ ಶುರು ಮಾಡೋಣ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರೂ ಬೈಕಿನಲ್ಲಿ ಬರುವವರು. ಮುಂದಿನ ತಿಂಗಳ ಸಭೆಗೆ ಈ ಮೂವರು ಹೆಲ್ಮೆಟ್ ಹಾಕಿಕೊಂಡು ಬರಲಿ. ಉಳಿದವರನ್ನು ಏಪ್ರಿಲ್‌ನಲ್ಲಿ ಕೇಳೋಣ. ಒಪ್ಪಿಗೆ ಇದ್ದರೆ ಈಗಲೇ ನಡಾವಳಿ ಪುಸ್ತಕದಲ್ಲಿ ಬರೆಸಿ, ನಾನು ಸೈಗಾನ್‌ಗೆ ವಾಪಸ್ ಹೊರಡುವ ಮುಂಚೆ ಅದಕ್ಕೊಂದು ಸಹಿ ನೋಡಿಕೊಂಡು ಹೋಗುತ್ತೇನೆ.

ಪ್ರಶ್ನೆ ಕೇಳುವವರು ಕೇಳಿ. ಮೈಕ್ ಆ ಕಿಟಕಿ ಪಕ್ಕದ ಅಮ್ಮನವರಿಗೆ ಕೊಡಿ, ಆಗಿಂದ ಕೈ ಎತ್ತಿದ್ದಾರೆ.