ಕೋಳಿಗೆ ಹುಳ ಹಾಕೋ ಮುಂಚೆ, ಹುಳಕ್ಕೆ ಏನು ಹಾಕಿದ್ರಿ?

ಎಲ್ಲರಿಗೂ ನಮಸ್ಕಾರ. ಕೋಳಿ, ಮೀನು, ಹಂದಿ ಸಾಕೋರು, ಮನೇಲಿ ನಾಯಿ ಇಟ್ಕೊಂಡಿರೋರು ಕೇಳ್ತಿದೀರ ಅಂದ್ಕೊಂಡು ಮಾತಾಡ್ತೀನಿ. ಹುಳ ಅಂದ ತಕ್ಷಣ ಮುಖ ಸಿಂಡರಿಸ್ಬೇಡಿ. ಹೊರಗೆ ಬಿಟ್ಟ ಕೋಳಿ ದಿನವಿಡೀ ನೆಲ ಕೆದಕೋದು ಯಾತಕ್ಕೆ ಹೇಳಿ, ಹುಳಕ್ಕೇ ತಾನೇ?

ನಾನು ಹೇಳೋದು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನೋ ಒಂದು ಕಪ್ಪು ನೊಣದ ಮರಿಹುಳದ ವಿಷ್ಯ. ಒಣಗಿಸಿದ್ರೆ ಸುಮಾರು 40 ಪರ್ಸೆಂಟ್ ಪ್ರೋಟೀನ್, ಕೊಬ್ಬೂ ಚೆನ್ನಾಗಿದೆ, ಕ್ಯಾಲ್ಸಿಯಂ ಅಂತೂ ಬೇರೆ ಹುಳಗಳಿಗಿಂತ ಎಷ್ಟೋ ಜಾಸ್ತಿ. ಫೀಡ್‌ಗೆ ಹಾಕೋ ಸೋಯಾ ಹಿಂಡಿ, ಮೀನಿನ ಪುಡಿಲಿ ಒಂದಷ್ಟು ಉಳಿಸ್ಬೋದು. ಆದ್ರೆ ಒಂದೇ ಒಂದು ಮಾತು ತಲೇಲಿಟ್ಕೊಳ್ಳಿ, ಹುಳ ತಿಂದಿದ್ದೇ ಕೋಳಿ ಹೊಟ್ಟೆಗೆ ಹೋಗೋದು.

ನನಗೆ ಗೊತ್ತಿರೋ ಕೋಳಿ ಸಾಕೋರೊಬ್ರು ಇದಾರೆ. ಮೊದಲು ಹೇಳ್ದಾಗ "ಏನ್ ಸಾರ್, ನೊಣ ಓಡಿಸೋದೇ ಸಾಕಾಗಿದೆ, ಇನ್ನು ಸಾಕ್ಬೇಕಾ?" ಅಂದ್ರು. ಈ ನೊಣ ಕಚ್ಚಲ್ಲ, ಮನೆ ನೊಣದ ಥರ ಊಟದ ಮೇಲೆ ಕೂರೋಕೆ ಬರಲ್ಲ, ಕೆಲವೇ ದಿನ ಬದುಕಿ ಮೊಟ್ಟೆ ಇಟ್ಟು ಸಾಯುತ್ತೆ ಅಂತ ಕೂತು ವಿವರಿಸಿದ್ಮೇಲೆ ಒಪ್ಪಿ ತರಕಾರಿ ಸಿಪ್ಪೆ, ಹಣ್ಣಿನ ಚೂರು, ತೌಡು ಹಾಕಿ ಶುರು ಮಾಡಿದ್ರು. ಹುಳ ಎರಡು ವಾರದಲ್ಲೇ ಕೊಬ್ಬಿ ಬೆಳೆದ್ವು. ಆಮೇಲೊಂದು ದಿನ ಬೆಳಗ್ಗೆ ಫೋನು, "ಸಾರ್, ಹುಳ ಎಲ್ಲಾ ಎದ್ದು ಹೊರಟುಹೋಗಿದಾವೆ, ಶೆಡ್ ತುಂಬಾ ಅವೇ!" ಅಂತ. ಗಾಬರಿ ಬೇಡ, ಅದು ಅದರ ಸ್ವಭಾವ ಅಂದೆ. ತಿಂದು ಬಲಿತ ಹುಳ ಕಪ್ಪಗಾಗಿ, ಊಟ ಬಿಟ್ಟು, ನೊಣವಾಗಿ ಬದಲಾಗೋಕೆ ಒಣಗಿದ ಕತ್ತಲೆ ಜಾಗ ಹುಡ್ಕೊಂಡು ತಾನೇ ಹೊರಗೆ ಬರುತ್ತೆ. ಟಬ್‌ಗೆ ಇಳಿಜಾರಾಗಿ ಒಂದು ಹಲಗೆ, ಅದರ ತುದಿಗೆ ಬಕೆಟ್, ಅಷ್ಟು ಇಟ್ಟಿದ್ರೆ ಹತ್ತಿ ಬಂದು ಅದ್ರೊಳಗೇ ಬೀಳ್ತಿದ್ವು, ಆರಿಸೋ ಕೆಲಸವೇ ಇಲ್ಲ! ಇವರು ಫೋನಲ್ಲಿ ಮಾತಾಡ್ತಿರೋವಾಗ್ಲೇ ಕೋಳಿಗಳು ಶೆಡ್ ಕ್ಲೀನ್ ಮಾಡಿ ಮುಗಿಸಿದ್ವಂತೆ.

ಅದೇ ಮನುಷ್ಯ ಸ್ವಲ್ಪ ದಿನಕ್ಕೆ, ಎಲ್ಲಿಂದಲೋ ಬರೋ ಮಿಕ್ಸ್ ಕಸ ಹಾಕ್ಲಾ ಅಂತ ಕೇಳಿದ್ರು. ಬೇಡವೇ ಬೇಡ ಅಂದೆ. ಕಸದಲ್ಲಿರೋ ಕ್ಯಾಡ್ಮಿಯಂ ಥರದ ವಿಷದ ಲೋಹ ಹುಳದ ಮೈಯಲ್ಲೇ ಉಳ್ಕೊಳ್ಳುತ್ತೆ. ಯುರೋಪಿಯನ್ ಯೂನಿಯನ್‌ನಲ್ಲಿ ಹುಳದ ಪ್ರೋಟೀನನ್ನ 2017ರಲ್ಲಿ ಸಾಕು ಮೀನಿಗೆ, 2021ರಲ್ಲಿ ಕೋಳಿ ಹಂದಿಗೆ ಹಾಕೋಕೆ ಒಪ್ಪಿಗೆ ಕೊಟ್ರು, ಆದ್ರೂ ಆ ಹುಳಕ್ಕೆ ಸಗಣಿ, ಹೋಟೆಲ್ ಎಂಜಲು ಹಾಕೋ ಹಾಗಿಲ್ಲ. ಹುಳ ತಿಂದಿದ್ದೇ ಕೋಳಿ ಹೊಟ್ಟೆಗೆ, ಮತ್ತೆ ಹೇಳ್ತಿದೀನಿ.

ಟೈಮ್ ಆಗೋಯ್ತು, ಬೇಗ ಹೇಳ್ತೀನಿ. ಹುಳನ ಕುದಿಯೋ ನೀರಲ್ಲಿ ಅದ್ದಿ ಆಮೇಲೆ ಒಣಗಿಸಿ, ರೋಗಾಣು ಕಮ್ಮಿಯಾಗುತ್ತೆ. ಫೀಡ್ ಪೂರ್ತಿ ಬದಲಾಯಿಸ್ಬೇಡಿ, ಸ್ವಲ್ಪ ಸ್ವಲ್ಪ ಸೇರಿಸಿ. ಉಳಿದ ಹಿಕ್ಕೆ ಗಿಡಕ್ಕೆ ಗೊಬ್ಬರ. ನಾಯಿಗೆ ಹುಳದ ಫುಡ್ ತರೋರು ಪ್ಯಾಕೆಟ್ ಮೇಲೆ ಸಂಪೂರ್ಣ ಆಹಾರ ಅಂತ ಇದ್ಯಾ ನೋಡಿ, ಇಲ್ಲಾಂದ್ರೆ ಅದು ತಿಂಡಿ ಅಷ್ಟೇ. ಮತ್ತೆ ಸಿಗಡಿ ತಿಂದ್ರೆ ಅಲರ್ಜಿ ಆಗೋರು ಹುಳದ ಪುಡಿ ಮುಟ್ಟೋವಾಗ ಮಾಸ್ಕ್, ಗ್ಲೌಸ್ ಹಾಕ್ಕೊಳ್ಳಿ. ನಮಸ್ಕಾರ.